ಎಡಗಡೆಯ ಕೆಂಪು ಟೇಪು

ಫೆಬ್ರವರಿ ೯

ಅಮ್ಮಾ,

ಈ ಸಲ ನಿನ್ನ ಕಾಗದಕ್ಕಿಂತ ಮೊದಲು ನಿನ್ನ ನಿಯಮ ಬಂತು. ವಿಮಾನ ಸುರಕ್ಷತೆಯ ನಿಮ್ಮ ಆಫೀಸಿನಿಂದ ಬಂದದ್ದನ್ನು ಬೆಳಿಗ್ಗೆ ನಮ್ಮ ಹೆಲಿಕಾಪ್ಟರ್ ಹ್ಯಾಂಗರಿನ ಫಲಕಕ್ಕೆ ಅಂಟಿಸಿದ್ದರು. ಕೆಳಗೆ ನಿನ್ನ ಸಹಿ, ನನ್ನ ಅಂಕಪಟ್ಟಿಯ ಮೇಲೆ ಹಾಕುತ್ತಿದ್ದ ಅದೇ ಉದ್ದ ಬಾಲದ ಸಹಿ. ನೋಡಿದ ಕೂಡಲೇ ಗಣಿತದಲ್ಲಿ ಕಡಿಮೆ ಬಂದವಳಂತೆ ನೆಟ್ಟಗೆ ನಿಂತೆ. "ಇದು ನಮ್ಮಮ್ಮ ಬರೆದಿದ್ದು" ಅಂದೆ. ಮೇಷ್ಟ್ರು ಕನ್ನಡಕ ಏರಿಸಿ ಮೂರೂ ಪುಟ ಓದಿದರು. "ಅದಕ್ಕೇ ಹೀಗಿದೆ. ಉಸಿರಾಡೋಕೆ ಎಲ್ಲೆಲ್ಲಿ ನಿಲ್ಲಬೇಕು ಅನ್ನೋದನ್ನೂ ಬರ್ದಿದ್ದಾರೆ" ಅಂದರು.

ಮೇಷ್ಟ್ರು ಯಾರು ಎಂದು ಹೋದ ಕಾಗದದಲ್ಲಿ ನೀನು ಕೇಳಿದ್ದೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ನಮ್ಮ ಆಂಬುಲೆನ್ಸ್ ಹೆಲಿಕಾಪ್ಟರಿನ ಹಿರಿಯ ಪೈಲಟ್. ಬಲಗಡೆ ಸೀಟಿನಲ್ಲಿ ಅವರು, ಎಡಗಡೆ ಸೀಟಿನಲ್ಲಿ ನಾನು. ತಪ್ಪು ಮಾಡಿದರೆ ಕಿವಿ ಹಿಂಡುವುದೊಂದು ಬಾಕಿ, ಅದಕ್ಕೇ ಆ ಹೆಸರು. ಅವರದೊಂದು ಪದ್ಧತಿಯಿದೆ. ಹಾರುವಾಗ ಒಂದು ಎಂಜಿನ್ ಕೆಟ್ಟರೆ ಅದನ್ನು ನಿಲ್ಲಿಸಿ, ಇನ್ನೊಂದರ ಬಲದಲ್ಲಿ ವಾಪಸು ಬರಬೇಕು. ಎರಡು ಎಂಜಿನ್ನಿಗೂ ನಮ್ಮ ತಲೆಯ ಮೇಲೆ ಒಂದೊಂದು ಲಿವರ್ ಇದೆ. ಅವರ ಎರಡು ಕೈಯೂ ಹಾರಿಸುವುದರಲ್ಲಿ ಇರುತ್ತದೆಯಾದ್ದರಿಂದ ನಿಲ್ಲಿಸುವ ಕೈ ನನ್ನದು. ನಾನು ಲಿವರ್ ಹಿಡಿದು "ಇದೇನಾ?" ಎಂದು ಕೇಳಬೇಕು. ಅವರು ನೋಡಿ "ಇದೇ" ಅನ್ನಬೇಕು. ಆಮೇಲೆ ಎಳೆಯಬೇಕು. ತರಬೇತಿಯಲ್ಲಿ ನಾನು ತಪ್ಪು ಲಿವರ್ ಹಿಡಿದಾಗ "ಅಲ್ಲ! ಕೈ ತೆಗಿ!" ಎಂದು ಅವರು ಗದರುವ ಸದ್ದಿಗೆ ಹ್ಯಾಂಗರಿನ ಪಾರಿವಾಳಗಳೆಲ್ಲ ಎದ್ದುಹೋಗುತ್ತವೆ.

ನಿನ್ನ ನಿಯಮದ ಪ್ರಕಾರ ಎಲ್ಲ ಮಾಡಿ ಮುಗಿಸಿದ್ದೇವೆ. ಎಂಜಿನ್ನಿಗೆ ಇಂಧನ ಅಳೆದು ಬಿಡುವ ವಾಲ್ವ್‌ಗಳಲ್ಲಿ ಒಂದು ಕಂತಿನಲ್ಲಿ ತಯಾರಾದವು ಅಂಟಿಕೊಂಡು ಎಂಜಿನ್ನನ್ನು ಉಪವಾಸ ಕೆಡವಬಹುದು ಎಂದಿದ್ದೀಯ. ಹೊಸವು ಬರುವವರೆಗೆ ಒಂದು ಹೆಲಿಕಾಪ್ಟರಿನಲ್ಲಿ ಅಂಥದ್ದು ಒಂದು ಇರಬಹುದು, ಎರಡು ಇರಕೂಡದು. ನಮ್ಮ ಒಂದು ಹೆಲಿಕಾಪ್ಟರಿನಲ್ಲಿ ಎರಡೂ ಅನುಮಾನದ ವಾಲ್ವ್ ಇದ್ದವು, ಇನ್ನೊಂದರಲ್ಲಿ ಎರಡೂ ಒಳ್ಳೆಯವು. ಅದಲುಬದಲು ಮಾಡಿ ಈಗ ಎರಡರಲ್ಲೂ ಅನುಮಾನದ್ದು ಎಡಗಡೆಗೆ ಬರುವಂತೆ ಮಾಡಿದ್ದಾರೆ. "ಒಂದು ಮನೇಲಿ ಗಂಡ ಹೆಂಡ್ತಿ ಇಬ್ರೂ ಮುಂಗೋಪಿಗಳಾದ್ರೆ ಆಗಲ್ಲ, ಅಷ್ಟೇ ಕಣಮ್ಮ ಇದು" ಎಂದು ದೊಡ್ಡ ಮೆಕ್ಯಾನಿಕ್ ನಿನ್ನ ಮೂರು ಪುಟವನ್ನು ಒಂದು ಮಾತಿನಲ್ಲಿ ಮುಗಿಸಿದರು.

ನನಗೊಂದು ಯೋಚನೆ ಬಂತು. ನಮ್ಮ ಮನೆಯ ಗ್ಯಾಸ್ ಒಲೆಯ ಎಡಗಡೆ ನಾಬ್ ಸರಿಯಿಲ್ಲವೆಂದು ನೀನು ಕೆಂಪು ಟೇಪು ಸುತ್ತಿದ್ದೀಯಲ್ಲ, ಹಾಗೆಯೇ ಎಡಗಡೆಯ ಲಿವರಿಗೆ ಸುತ್ತಿದರೆ? ಗಡಿಬಿಡಿಯಲ್ಲಿ ಯಾವುದು ಅನುಮಾನದ್ದು ಎಂದು ನೆನಪಿಸಿಕೊಳ್ಳುತ್ತ ಕೂರಬೇಕಿಲ್ಲ. ನಾವಂತೂ ಸುತ್ತಿಬಿಟ್ಟೆವು. ನಿನ್ನ ನಿಯಮದಲ್ಲೂ ಒಂದು ಸಾಲು ಸೇರಿಸು, ಎಲ್ಲ ಕಡೆಯವರಿಗೂ ಅನುಕೂಲ. ಸೇರಿಸಿದರೆ ಸಹಿಯ ಪಕ್ಕ ನನ್ನದೂ ಒಂದು ಸಣ್ಣ ಬಾಲ ಇರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿರುವ (ನಂಬು),
ನಿನ್ನ ಮಗಳು

*

ಫೆಬ್ರವರಿ ೨೦

ಪುಟ್ಟೀ,

ಊಟದ ವಿಷಯ ನಂಬಲಿಲ್ಲ. ಉಳಿದದ್ದೆಲ್ಲ ನಂಬಿದೆ.

ಕಾಗದ ಓದುತ್ತ ನಗುತ್ತಿದ್ದೆ. ಪಕ್ಕದ ಮೇಜಿನವಳು "ಇದನ್ನೆಲ್ಲ ಫೋನಲ್ಲೇ ಮಾತಾಡ್ಬಹುದಲ್ವೇನ್ರೀ?" ಎಂದಳು. ಫೋನಿನಲ್ಲಿ ನಾವಿಬ್ಬರೂ ಹಲೋ ಎನ್ನುವಷ್ಟರಲ್ಲಿ ಜಗಳಕ್ಕೆ ಇಳಿಯುತ್ತೇವೆ, ಕಾಗದದಲ್ಲಾದರೆ ಮನುಷ್ಯರ ಹಾಗೆ ಇರುತ್ತೇವೆ ಎಂದೆ. ನಿಜ ತಾನೆ?

ನಿನ್ನ ಟೇಪಿನ ವಿಷಯ ನಮ್ಮ ಸಾಹೇಬರಿಗೆ ಹೇಳಿದೆ. ಯಾವುದಕ್ಕೂ ತಲೆದೂಗದ ಮನುಷ್ಯ, ಕುರ್ಚಿಯಿಂದ ಮುಂದಕ್ಕೆ ಬಾಗಿ "ಇದು ನಮಗ್ಯಾಕೆ ಹೊಳೀಲಿಲ್ಲ?" ಎಂದರು. ಮಗಳ ಯೋಚನೆ ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು, ಮನೆಯವರಿಂದ ನಿಯಮ ಬರೆಸಿಕೊಳ್ಳುತ್ತೇನೆ ಎಂದುಕೊಂಡಾರು ಎಂದು ನುಂಗಿಕೊಂಡೆ. ಸಾಲು ಸೇರಿದೆ: "ಅನುಮಾನದ ವಾಲ್ವ್ ಇರುವ ಎಂಜಿನ್ನಿನ ಲಿವರಿಗೆ ಎದ್ದು ಕಾಣುವ ಕೆಂಪು ಗುರುತು ಕಡ್ಡಾಯ." ಕಡ್ಡಾಯ ಎಂಬ ಮಾತು ನನ್ನದು. ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.

ಒಂದು ಮಾತು. ಆಫೀಸಿನಲ್ಲಿ ಕೂತು "ಒಂದು ಇರಬಹುದು" ಎಂದು ಬರೆಯುವಾಗ ನಾನು ಯಾರ ತಾಯಿಯೂ ಆಗಿರಲಿಲ್ಲ. ಎಲ್ಲವನ್ನೂ ನಿಲ್ಲಿಸಿಬಿಟ್ಟರೆ ಆಸ್ಪತ್ರೆಗೆ ತಲುಪದೆ ಸಾಯುವವರ ಲೆಕ್ಕ ಮುಂದಿತ್ತು, ಬರೆದೆ. ಸಂಜೆ ಬಸ್ಸಿನಲ್ಲಿ ಕೂತ ಮೇಲೆ ತಾಯಿಯಾದೆ. ಆ ಒಂದು ನಿನ್ನ ತಲೆಯ ಮೇಲೇ ಇರುತ್ತದಲ್ಲ ಎಂದು ಯೋಚಿಸುತ್ತ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋಗಿಬಿಟ್ಟೆ. ಈಗ ಕೆಂಪು ಗುರುತು ಇದೆ ಎಂದು ಸ್ವಲ್ಪ ನೆಮ್ಮದಿ.

ಮೇಷ್ಟ್ರಿಗೆ ನಮಸ್ಕಾರ ಹೇಳು. ಕಿವಿ ಹಿಂಡುವ ಅಧಿಕಾರವನ್ನೂ ಕೊಟ್ಟಿದ್ದೇನೆ ಎಂದು ಹೇಳು.

ನಿನ್ನ ಊಟದ ಡಬ್ಬಿ ಖಾಲಿಯಾಗಿಲ್ಲವೆಂದು ಇಲ್ಲಿಂದಲೇ ಬಲ್ಲ,
ಅಮ್ಮ

*

ಮಾರ್ಚ್ ೧೪

ಪುಟ್ಟೀ,

ನೀನು ಬರೆಯದಿದ್ದರೂ ನಾನು ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ನಿನ್ನೆ ಬೆಳಿಗ್ಗೆ ಹಾಲು ಇಟ್ಟು ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಗ್ಯಾಸಿನ ವಾಸನೆ ಬಂತು. ಓಡಿದೆ. ಹಾಳಾದ ಎಡಗಡೆಯದೇ ಸೋರುತ್ತಿದೆ ಎಂದು ಆ ಕೆಂಪು ಟೇಪಿನ ನಾಬನ್ನು ಹಿಡಿದು ತಿರುಗಿಸಿದೆ, ಒತ್ತಿದೆ, ಬೈದೆ. ಮುಚ್ಚಿದ್ದನ್ನೇ ಮತ್ತೆ ಮತ್ತೆ ಮುಚ್ಚುತ್ತ ನಿಂತಿದ್ದೇನೆ. ವಾಸನೆ ಏರುತ್ತಲೇ ಇದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ನುಗ್ಗಿ ಬಂದು, "ಏನ್ರೀ ಇದು, ಈ ಕಡೇದು ತೆರ್ದೇ ಇದೆಯಲ್ಲ!" ಎಂದು ಬಲಗಡೆಯದನ್ನು ಮುಚ್ಚಿದರು. ಹಾಲು ಉಕ್ಕಿ ಉರಿ ಆರಿಹೋಗಿತ್ತು. ನಾನು ಅತ್ತ ನೋಡಿಯೇ ಇರಲಿಲ್ಲ.

ಸುರಕ್ಷತೆಯ ನಿಯಮ ಬರೆದು ಸಂಬಳ ತಿನ್ನುವವಳ ಅವತಾರ ನೋಡು. ಆಕೆ ಇನ್ನೂ ನಗುತ್ತಿದ್ದಾರೆ. ನಾನೂ ಕಿಟಕಿ ತೆರೆದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮನೆ ಸುಡದೆ ಉಳಿಸಿಕೊಂಡಿರುವ,
ಅಮ್ಮ

*

ಮಾರ್ಚ್ ೨೨

ಅಮ್ಮಾ,

ನಿನ್ನ ಒಲೆಯ ಕಥೆಯನ್ನು ಚಹಾದ ಹೊತ್ತಿನಲ್ಲಿ ಜೋರಾಗಿ ಓದಿದೆ. ದೊಡ್ಡ ಮೆಕ್ಯಾನಿಕ್ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಮೇಷ್ಟ್ರು "ನಿಮ್ಮಮ್ಮನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡ್ ಬಾ, ಎಡ ಬಲ ನಾನು ಕಲಿಸ್ತೀನಿ" ಎಂದರು.

ಬೇರೆ ನೆಲೆಗಳಿಂದ ಬಂದ ಪೈಲಟ್‌ಗಳನ್ನು ಮೊನ್ನೆ ನೋಡಿದೆ. ಎಲ್ಲರ ಹೆಲಿಕಾಪ್ಟರಿನಲ್ಲೂ ಕೆಂಪು ಟೇಪು. ಇದು ನನ್ನ ಯೋಚನೆ ಎಂದು ಹೇಳಿಕೊಳ್ಳಲು ನಾಲಿಗೆ ತುರಿಸಿತು. ಹೇಳಲಿಲ್ಲ. ಹೆಮ್ಮೆಯಿಂದ ಒಂದು ಬಿಸ್ಕತ್ತು ಜಾಸ್ತಿ ತಿಂದೆ.

ಕೆಲಸ ತುಂಬಾ ಇದೆ. ಒಲೆಯ ನಾಬ್ ರಿಪೇರಿ ಮಾಡಿಸು.

ನಿನ್ನ ಮಗಳು

*

ಏಪ್ರಿಲ್ ೨೭

ಪುಟ್ಟೀ,

ನಿನ್ನ ಹಾಸಿಗೆಯ ಪಕ್ಕ ಅಷ್ಟು ದಿನ ಕೂತಿದ್ದೆ. ನೀರು ಕುಡಿಸಿದೆ, ತಲೆ ಬಾಚಿದೆ, ಆ ದಿನದ ಬಗ್ಗೆ ಮಾತ್ರ ಕೇಳಲಾಗಲಿಲ್ಲ. ನೀನೂ ಗೋಡೆ ನೋಡುತ್ತಿದ್ದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಬರೆಯಲು ಕೂತಿದ್ದೇನೆ.

ಆ ದಿನ ಮಧ್ಯಾಹ್ನ ಸಾಹೇಬರು ನನ್ನ ಮೇಜಿನ ತನಕ ನಡೆದು ಬಂದರು. ಅವರು ಯಾರ ಮೇಜಿಗೂ ಬರುವವರಲ್ಲ. "ಒಂದು ಹೆಲಿಕಾಪ್ಟರ್ ಬಿದ್ದಿದೆ. ಆ ವಾಲ್ವ್ ಇದ್ದ ಜಾತೀದು" ಎಂದರು. ಎಲ್ಲಿಯದು ಎಂದು ಕೇಳಿದೆ. ಅವರು ಹೇಳಲಿಲ್ಲ, ನನ್ನ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದರು. ಆಗ ಗೊತ್ತಾಯಿತು. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿನ್ನ ಧ್ವನಿ ಕೇಳುವವರೆಗೆ ಏನು ನಡೆಯಿತೋ ನನಗೆ ನೆನಪಿಲ್ಲ. ಒಂದು ಕಾಲಿಗೆ ಆಫೀಸಿನ ಚಪ್ಪಲಿ, ಇನ್ನೊಂದಕ್ಕೆ ಪಕ್ಕದ ಮೇಜಿನವಳದು ಇತ್ತು ಎಂದು ನರ್ಸು ತೋರಿಸಿದ ಮೇಲೆ ನೋಡಿಕೊಂಡೆ.

ಮೇಷ್ಟ್ರ ಹೆಂಡತಿ ನನ್ನ ಹತ್ತಿರ ಬಂದು "ನಿಮ್ಮ ಮಗಳು ಹುಷಾರಾಗ್ತಾಳೆ, ಧೈರ್ಯ ತಂದ್ಕೊಳ್ಳಿ" ಎಂದರು. ಅವರು ನನಗೆ ಧೈರ್ಯ ಹೇಳಿದರು, ಪುಟ್ಟೀ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆಫೀಸಿನಲ್ಲಿ ಆ ಫೈಲು ನನ್ನಿಂದ ತೆಗೆದುಕೊಂಡಿದ್ದಾರೆ. ತನಿಖೆ ಮುಗಿಯುವವರೆಗೆ ಈ ವಿಷಯ ಯಾರೊಂದಿಗೂ ಮಾತಾಡಕೂಡದು ಎಂದಿದ್ದಾರೆ. ಮಗಳಿಗೆ ಬರೆಯಕೂಡದು ಎಂಬುದೂ ಅದರಲ್ಲಿ ಸೇರುತ್ತದೆ. ಸೇರಲಿ.

"ಒಂದು ಇರಬಹುದು" ಎಂದು ಬರೆದವಳು ನಾನು. ಆ ಒಂದೇ ಮೇಷ್ಟ್ರನ್ನು ಕೊಂದಿತು. ಹೌದೋ ಅಲ್ಲವೋ? ಎಡಗಡೆಯ ವಾಲ್ವ್ ಅಂಟಿಕೊಂಡಿತೇ? ನನಗೆ ಯಾರೂ ಹೇಳುತ್ತಿಲ್ಲ. ನೀನು ಹೇಳು. ಕೈ ವಾಸಿಯಾದ ಮೇಲೆ ಹೇಳು. ಇಲ್ಲ, ಈಗಲೇ ಹೇಳು.

ಅಮ್ಮ

*

ಮೇ ೮

ಅಮ್ಮಾ,

ಬಲಗೈ ಪ್ಲಾಸ್ಟರಿನಲ್ಲಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಒಂದನೇ ಕ್ಲಾಸಿನ ಅಕ್ಷರ. ತಿದ್ದಬೇಡ.

ವಾಲ್ವ್ ಅಂಟಿಕೊಳ್ಳಲಿಲ್ಲ. ತನಿಖೆಯವರು ಬಿಚ್ಚಿ ನೋಡಿದರು. ಎಡಗಡೆಯದಕ್ಕೆ ಒಂದು ಗೀರೂ ಇಲ್ಲ. ಎಡಗಡೆಯ ಎಂಜಿನ್ ಚೆನ್ನಾಗಿತ್ತು.

ಕೆಟ್ಟದ್ದು ಬಲಗಡೆಯದು. ಇಂಧನದ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡಿತ್ತಂತೆ. ಅದಕ್ಕೂ ನಿನ್ನ ನಿಯಮಕ್ಕೂ ವಾಲ್ವಿಗೂ ಸಂಬಂಧವೇ ಇಲ್ಲ. ಯಾವತ್ತು ಬೇಕಾದರೂ ಆಗಬಹುದಾದದ್ದು. ಆದರೆ ಬಲಗಡೆಯದನ್ನು ನಿಲ್ಲಿಸಿ, ಎಡಗಡೆಯದರಲ್ಲಿ ಆರಾಮಾಗಿ ವಾಪಸು ಬಂದು, ಮೇಷ್ಟ್ರ ಹತ್ತಿರ ಬೈಸಿಕೊಳ್ಳುತ್ತ ಚಹಾ ಕುಡಿಯಬಹುದಾಗಿತ್ತು.

ವಿದ್ಯುತ್ ಕಂಬದಿಂದ ಬಿದ್ದ ಕೆಲಸಗಾರನೊಬ್ಬನನ್ನು ತರಲು ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ನಮ್ಮ ನರ್ಸು ಇದ್ದರು. ಎಂಜಿನ್ನಿನ ಸದ್ದು ಇಳಿಯಿತು, ಹೆಲಿಕಾಪ್ಟರ್ ನಡುಗತೊಡಗಿತು. ಮೀಟರುಗಳು ಎದುರಿಗಿವೆ ಅಮ್ಮಾ, ಕಣ್ಣಿಗೆ ನೇರ. ನಾವಿಬ್ಬರೂ ಎದುರಿಗೆ ನೋಡಲಿಲ್ಲ. ಇಬ್ಬರೂ ಒಟ್ಟಿಗೆ ತಲೆ ಎತ್ತಿ ಮೇಲೆ ನೋಡಿದೆವು, ಟೇಪನ್ನು. ನಾನು ಎಡಗಡೆಯ ಲಿವರ್ ಹಿಡಿದು "ಇದೇನಾ?" ಎಂದೆ. ಮೇಷ್ಟ್ರು "ಇದೇ" ಎಂದರು. ಎಳೆದೆ.

ಆಮೇಲೆ ಸದ್ದೇ ಇಲ್ಲ. ನಡುಕ ನಿಂತಿದ್ದಕ್ಕೆ ನನಗೆ ಒಂದು ಕ್ಷಣ ಸರಿಯಾಯಿತು ಎನಿಸಿತ್ತು. ಮೇಷ್ಟ್ರು ಆಗ ಮೀಟರ್ ನೋಡಿದರು. "ಅಯ್ಯೋ, ಬಲಗಡೇದು ಕಣೇ" ಎಂದರು. ಗದರಲಿಲ್ಲ. ಮನೆಯಲ್ಲಿ ಏನೋ ಕೈ ಜಾರಿ ಬಿದ್ದರೆ ಅನ್ನುವ ಹಾಗೆ ಅಂದರು. ಬಲಗಡೆಯದು ಅಷ್ಟರಲ್ಲಿ ತಾನಾಗಿಯೇ ನಿಂತಿತ್ತು, ಎಡಗಡೆಯದನ್ನು ಮತ್ತೆ ಶುರು ಮಾಡುವಷ್ಟು ಎತ್ತರ ಉಳಿದಿರಲಿಲ್ಲ.

ಒಂದು ಆಟದ ಮೈದಾನ ಸಿಕ್ಕಿತು. ಇಳಿಸಿದರು. ಕೊನೆಯಲ್ಲಿ ಅದು ಬಲಕ್ಕೆ ಹೊರಳಿ ಆಟ ನೋಡುವವರು ಕೂರುವ ಮೆಟ್ಟಿಲುಗಳ ಕಟ್ಟೆಗೆ ಹೊಡೆಯಿತು, ಅವರ ಕಡೆ. ಗಾಳಿ ದೂಡಿತೋ ಅವರೇ ಆ ಕಡೆಗೆ ತಿರುಗಿಸಿಕೊಂಡರೋ, ಕೇಳೋಣವೆಂದರೆ ಅವರಿಲ್ಲ. ನರ್ಸು ಚೆನ್ನಾಗಿದ್ದಾರೆ. ಕಂಬದಿಂದ ಬಿದ್ದವನನ್ನು ರಸ್ತೆಯಲ್ಲೇ ತಂದರಂತೆ, ಬದುಕಿದ್ದಾನೆ.

ಟೇಪು ಸುತ್ತುವ ಯೋಚನೆ ನನ್ನದು ಎಂದು ತನಿಖೆಯವರಿಗೆ ಹೇಳಿದ್ದೇನೆ.

ಅಮ್ಮಾ, ಕಣ್ಣು ಮುಚ್ಚಿದರೆ ಕೆಂಪು ಕಾಣುತ್ತದೆ.

ನಿನ್ನ ಮಗಳು

*

ಮೇ ೧೫

ಪುಟ್ಟೀ,

ನಿನ್ನ ಕಾಗದವನ್ನು ಬಾಗಿಲಲ್ಲೇ ಒಡೆದು ಓದಿದೆ. ಅಲ್ಲೇ ಕೂತೆ. ಕಾಗದದಲ್ಲಿ ನೀನು ಒಂದು ವಿಷಯ ಬರೆದಿಲ್ಲ. ನಿನಗೆ ಹೊಳೆದಿಲ್ಲವೋ, ನನ್ನ ಮೇಲಿನ ಕರುಣೆಯಿಂದ ಬಿಟ್ಟೆಯೋ.

ನನ್ನ ಒಲೆ.

ಇದೇ ಆಗಿತ್ತು, ನನ್ನ ಅಡುಗೆಮನೆಯಲ್ಲಿ. ಕೆಟ್ಟದ್ದೆಂದು ಗುರುತು ಹಾಕಿದ ಮೇಲೆ ಕೈ ಅದರ ಮೇಲೇ ಹೋಗುತ್ತದೆ, ಪಕ್ಕದ್ದು ಕಣ್ಣಿಗೇ ಬೀಳುವುದಿಲ್ಲ ಎಂದು ನನ್ನ ಕೈಯೇ ನನಗೆ ತೋರಿಸಿಕೊಟ್ಟಿತ್ತು. ಕಡ್ಡಾಯ ಎಂದು ಬರೆದು ತಿಂಗಳೂ ಆಗಿರಲಿಲ್ಲ. ನಾನು ಅದನ್ನು ತಮಾಷೆ ಮಾಡಿ ನಿನಗೆ ಕಳಿಸಿದೆ. ನೀನು ಓದಿದೆ, ಮೇಷ್ಟ್ರು ನಕ್ಕರು, ದೊಡ್ಡ ಮೆಕ್ಯಾನಿಕ್ ಕೆಮ್ಮಿದರು. ಇಷ್ಟು ಜನ ಕೇಳಿಸಿಕೊಂಡೆವು, ಒಬ್ಬರಿಗೂ ಕೇಳಿಸಲಿಲ್ಲ. ಅವರ ಪೈಕಿ ನಿಯಮ ಬರೆಯುವವಳು ನಾನೊಬ್ಬಳೇ.

ಯೋಚನೆ ನಿನ್ನದು ಎಂದು ಹೇಳಿಕೊಂಡೆಯಾ? ಹುಚ್ಚು ಹುಡುಗಿ. ಯೋಚನೆ ಯಾರಿಗೆ ಬೇಕಾದರೂ ಬರುತ್ತದೆ. ಕಡ್ಡಾಯ ಎಂದವಳು ನಾನು.

ಕೆಲಸ ಬಿಡುತ್ತಿದ್ದೇನೆ. ರಾಜೀನಾಮೆ ಬರೆದು ಕೈಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಇಷ್ಟು ವರ್ಷ ಪ್ರತಿ ಮಾತನ್ನೂ ಅಳೆದು ತೂಗಿ ಬರೆದವಳು ಎಂದು ಬೀಗುತ್ತಿದ್ದೆ. ಇನ್ನು ಒಂದು ಸಾಲು ಬರೆಯಲೂ ನನಗೆ ಯೋಗ್ಯತೆಯಿಲ್ಲ. ಸೋಮವಾರ ಸಾಹೇಬರ ಮೇಜಿನ ಮೇಲಿಟ್ಟು ನಿನ್ನ ಹತ್ತಿರ ಬಂದುಬಿಡುತ್ತೇನೆ.

ಇದೊಂದನ್ನು ಮಾತ್ರ ಕೇಳಿ ಮಾಡೋಣವೆಂದು ಬರೆಯುತ್ತಿದ್ದೇನೆ. ನಿಮ್ಮ ಮೇಷ್ಟ್ರ ಪದ್ಧತಿಯಲ್ಲೇ ಕೇಳುತ್ತೇನೆ. ಕೈ ಇಟ್ಟಿದ್ದೇನೆ ಪುಟ್ಟೀ. ಇದೇನಾ?

ಅಮ್ಮ

*

ಮೇ ೧೯

ಅಮ್ಮಾ,

ಅಲ್ಲ. ಕೈ ತೆಗಿ.

ಇದನ್ನು ನಮ್ಮ ಜೊತೆ ಹಾರುತ್ತಿದ್ದ ನರ್ಸಿನ ಕೈಲಿ ಕೊಟ್ಟು ಇವತ್ತೇ ಮುಟ್ಟಿಸಲು ಹೇಳಿದ್ದೇನೆ, ಸೋಮವಾರಕ್ಕೆ ಮೊದಲು ಸಿಗಬೇಕು.

ನಮ್ಮ ಇನ್ನೊಂದು ಹೆಲಿಕಾಪ್ಟರ್ ದಿನವೂ ಹಾರುತ್ತಿದೆ. ಅದರ ಎಡಗಡೆಯ ಲಿವರಿಗೆ ಕೆಂಪು ಟೇಪು ಇನ್ನೂ ಇದೆ. ನಿನ್ನೆ ದೊಡ್ಡ ಮೆಕ್ಯಾನಿಕ್ ಅದನ್ನು ಕೀಳಲು ಏಣಿ ಹತ್ತಿದರು. ನಮ್ಮ ಮ್ಯಾನೇಜರ್ ಕೆಳಗಿನಿಂದ ಕೂಗಿದರು, "ಇಳೀರಿ! ನಿಯಮದಲ್ಲಿ ಕಡ್ಡಾಯ ಅಂತಿದೆ, ಕಿತ್ರೆ ನನ್ನ ಕೆಲಸ ಹೋಗುತ್ತೆ!" ದೊಡ್ಡ ಮೆಕ್ಯಾನಿಕ್ ಏಣಿಯ ಮೇಲೆ ನಿಂತು ಅತ್ತರು ಅಮ್ಮಾ, ಎಲ್ಲರೂ ನೋಡುವ ಹಾಗೆ. ಬೇರೆ ನೆಲೆಗಳಲ್ಲೂ ಇದೇ ಕಥೆ. ತನಿಖೆಯ ವರದಿ ಬರಲು ಇನ್ನೂ ಎಷ್ಟೋ ತಿಂಗಳು. ಅಷ್ಟರಲ್ಲಿ ಯಾರದೋ ಫಿಲ್ಟರಿನಲ್ಲಿ ಕಸ ಕಟ್ಟುತ್ತದೆ. ಅವರೂ ತಲೆ ಎತ್ತಿ ನೋಡುತ್ತಾರೆ.

ಗುರುತು ಏನು ಮಾಡುತ್ತದೆ ಎಂದು ಸ್ವಂತ ಕೈಯಿಂದ ಅನುಭವಿಸಿದವರು ನಾವಿಬ್ಬರೇ. ಅದರಲ್ಲಿ ನಿಯಮ ಬದಲಿಸುವ ಕಟ್ಟಡದೊಳಗೆ ಕೂತಿರುವವಳು ನೀನೊಬ್ಬಳೇ. ಆಘಾತದಲ್ಲಿ ನೀನು ಹಿಡಿದುಕೊಂಡಿರುವುದು ಕೆಲಸ ಮಾಡುತ್ತಿರುವ ಎಂಜಿನ್ನನ್ನು. ನಾನೂ ಹಾಗೇ ಹಿಡಿದಿದ್ದೆ. ನನಗೆ ಯಾರೂ ಕೈ ತೆಗಿ ಅನ್ನಲಿಲ್ಲ.

ಬಾಯಿಗೆ ಬೀಗ ಹಾಕಿದ್ದಾರೆ ಅಂದೆ. ನೀನು ಯಾವತ್ತು ಬಾಯಿ ಮುಚ್ಚಿಕೊಂಡಿದ್ದೆ? ಸಾಹೇಬರ ಕೋಣೆಗೆ ಹೋಗು. ಒಲೆಯ ಕಥೆ ಹೇಳು, ನಗದೆ ಹೇಳು. ಕೇಳದಿದ್ದರೆ ಜಗಳ ಆಡು, ನನ್ನ ಜೊತೆ ಫೋನಿನಲ್ಲಿ ಆಡುವ ಹಾಗೆ ಆಡು. ಆ ಸಾಲು ಹೋದ ಮೇಲೆ ಬೇಕಾದರೆ ರಾಜೀನಾಮೆ ಕೊಡು, ನಾನೇ ಪೆನ್ನು ತಂದುಕೊಡುತ್ತೇನೆ.

ನಿನ್ನ ಮಗಳು

*

ಜೂನ್ ೬

ಅಮ್ಮಾ,

ಈ ಸಲವೂ ನಿನ್ನ ಕಾಗದಕ್ಕಿಂತ ಮೊದಲು ನಿನ್ನ ನಿಯಮ ಬಂತು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ನೇರ ಹ್ಯಾಂಗರಿಗೆ ಹೋಗಿದ್ದೆ. ಫಲಕದ ಮುಂದೆ ಎಲ್ಲರೂ ನಿಂತು ಓದುತ್ತಿದ್ದರು. "ಯಾವ ಲಿವರಿನ ಮೇಲೂ ಯಾವ ಗುರುತೂ ಇರಕೂಡದು. ಇರುವ ಗುರುತನ್ನು ಮುಂದಿನ ಹಾರಾಟಕ್ಕೆ ಮೊದಲು ತೆಗೆಯತಕ್ಕದ್ದು. ಇದೇನಾ ಎಂಬ ಪ್ರಶ್ನೆಗೆ, ಎರಡು ಎಂಜಿನ್ನಿನ ಮೀಟರನ್ನೂ ಗಟ್ಟಿಯಾಗಿ ಓದಿ ಹೇಳಿದ ನಂತರವೇ ಉತ್ತರ ಕೊಡತಕ್ಕದ್ದು." ನಿನ್ನಿಂದ ತೆಗೆದುಕೊಂಡಿದ್ದ ಫೈಲನ್ನು ಸಾಹೇಬರಿಂದ ಹೇಗೆ ವಾಪಸು ಪಡೆದೆಯೋ, ಸರ್ಕಾರಿ ಕಾಗದದಲ್ಲಿ "ಇದೇನಾ" ಎಂಬ ಮಾತನ್ನು ಹೇಗೆ ಒಳಗೆ ತೂರಿಸಿದೆಯೋ ನಿನಗೇ ಗೊತ್ತು. ಕೆಳಗೆ ನಿನ್ನ ಸಹಿ. ಬಾಲ ಮೊದಲಿನಷ್ಟೇ ಉದ್ದ. ಮೇಷ್ಟ್ರ ಹೆಂಡತಿಗೆ ಒಂದು ಪ್ರತಿ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಓದಿದರು. ಆ "ಇದೇನಾ" ಎಂಬ ಮಾತಿನ ಮೇಲೆ ಬೆರಳಿಟ್ಟು, "ಮನೇಲೂ ಹಿಂಗೇ ಕೇಳೋರು, ಲೈಟ್ ಆರಿಸೋಕೂ" ಎಂದರು.

ನಮ್ಮ ಇನ್ನೊಂದು ಹೆಲಿಕಾಪ್ಟರಿನ ಟೇಪನ್ನು ನಾನೇ ಕಿತ್ತೆ. ಅಂಟು ಉಳಿಯಿತು. ದೊಡ್ಡ ಮೆಕ್ಯಾನಿಕ್ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಬೆರಳಿಗೆ ಜಿಗುಟು ತಾಗುತ್ತದೆ. ಪರವಾಗಿಲ್ಲ, ಕಣ್ಣಿಗೆ ಕಾಣುವುದಿಲ್ಲ.

ಮನೆಯ ಒಲೆಯದನ್ನೂ ಕಿತ್ತಿರುತ್ತೀಯ. ಕಿತ್ತರೆ ಸಾಲದು, ರಿಪೇರಿ ಮಾಡಿಸು.

ದೊಡ್ಡ ಮೆಕ್ಯಾನಿಕ್ ಉಜ್ಜಿ ಇಳಿದ ಮೇಲೆ ನಾನು ಎಡಗಡೆ ಸೀಟಿನಲ್ಲಿ ಸುಮ್ಮನೆ ಕೂತೆ. ಪಕ್ಕದ ಸೀಟು ಖಾಲಿ. ಬಲಗೈ ಎತ್ತಲು ಇನ್ನೂ ನೋಯುತ್ತದೆ. ಎತ್ತಿ ಎಡಗಡೆಯ ಲಿವರ್ ಹಿಡಿದೆ. ಯಾಕೆ ಹಿಡಿದೆನೋ ಗೊತ್ತಿಲ್ಲ. "ಇದೇನಾ?" ಎಂದೆ, ಜೋರಾಗಿಯೇ ಅಂದೆ ಅಂತ ಕಾಣುತ್ತದೆ. ದೊಡ್ಡ ಮೆಕ್ಯಾನಿಕ್ ತಮ್ಮನ್ನೇ ಕೇಳಿದೆನೆಂದು ಬಟ್ಟೆ ಹಿಡಿದುಕೊಂಡು ವಾಪಸು ಹತ್ತಿ ಬಂದರು. ನನ್ನ ಮುಖ ನೋಡಲಿಲ್ಲ, ಕೈ ನೋಡಲಿಲ್ಲ. ನಿಂತ ಎಂಜಿನ್ನುಗಳ ಮೀಟರಿನ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದೊಂದಾಗಿ ಓದಿದರು.

"ಎಡಗಡೆ ಸೊನ್ನೆ. ಬಲಗಡೆ ಸೊನ್ನೆ. ನಿಲ್ಸೋಕೆ ಏನೂ ಉಳಿದಿಲ್ಲ ಕಣಮ್ಮ, ಕೈ ತೆಗಿ."

ತೆಗೆದೆ. ಆಮೇಲೆ ಅಮ್ಮಾ, ಆ ದಿನದಿಂದ ಬಾರದೇ ಇದ್ದ ಅಳು ಬಂತು.

ಭಾನುವಾರ ಮನೆಗೆ ಬರುತ್ತಿದ್ದೇನೆ,
ನಿನ್ನ ಮಗಳು